ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ವಿಂಡೋಸ್: ಹಾಕಿಸುವ ಮೊದಲು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಅಲ್ಲಿಂದ ಈಚೆಗೆ ನಮ್ಮ ದ್ವಿತೀಯ ಪಿಯುಸಿ ತರಗತಿಯಲ್ಲಿ ಏಳೆಂಟು ಮಂದಿಯಾದರೂ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದಾರೆ. "ಆನ್ ಮಾಡಿದ ಕೂಡಲೇ ಬೆಂಬಲ ಮುಗಿದಿದೆ ಅಂತ ಬರ್ತದೆ. ಇನ್ನು ಅದು ನಡೆಯುವುದಿಲ್ಲವಾ?" ಒಬ್ಬ ಸಹಪಾಠಿಯ ಮನೆಯವರು ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದಾಗ, ಇದಕ್ಕೆ ವಿಂಡೋಸ್ 11 ಆಗುವುದಿಲ್ಲ, ಹೊಸದೇ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಹೊಸದೆಂದರೆ ನಲವತ್ತು ಸಾವಿರದ ಮಾತು. ಅವನ ತಂದೆ ಆಟೋ ಓಡಿಸುವವರು. ಆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಅವನ ಅಕ್ಕನ ಬಿ.ಎಡ್. ಅಸೈನ್‌ಮೆಂಟ್, ಅವನ ಸಿಇಟಿ ಮಾಕ್ ಟೆಸ್ಟ್, ತಮ್ಮನ ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ನಡೆಯುತ್ತವೆ.

ಕಂಪ್ಯೂಟರ್ ಸೈನ್ಸ್ ಮೇಡಂ ಸಹಾಯದಿಂದ ಈ ಮೂರು ತಿಂಗಳಲ್ಲಿ ನಾನು ಮೂರು ಹಳೆಯ ಲ್ಯಾಪ್‌ಟಾಪ್‌ಗಳನ್ನು ಕೂತು ನೋಡಿದ್ದೇನೆ. ಮೂರಕ್ಕೂ ಮೂರು ಬೇರೆ ಬೇರೆ ಉತ್ತರ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಬೆಂಬಲ ಮುಗಿಯಿತು ಎಂದರೆ ಏನು? ಲ್ಯಾಪ್‌ಟಾಪ್ ನಿಲ್ಲುವುದಿಲ್ಲ. ನಿಮ್ಮ ಫೈಲುಗಳು ಹೋಗುವುದಿಲ್ಲ. ವರ್ಡ್ ತೆರೆಯುತ್ತದೆ, ಬ್ರೌಸರ್ ತೆರೆಯುತ್ತದೆ. ನಿಂತಿರುವುದು ಪ್ರತಿ ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್ ಮಾತ್ರ. ಆ ಮಾತ್ರ ಎಂಬುದು ಸಣ್ಣದಲ್ಲ. ವಿಂಡೋಸ್‌ನಂಥ ದೊಡ್ಡ ತಂತ್ರಾಂಶದಲ್ಲಿ ಪ್ರತಿ ತಿಂಗಳೂ ಹೊಸ ಹೊಸ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ಕಂಪನಿ ಅದಕ್ಕೆ ತೇಪೆ ಹಾಕಿ ಕಳಿಸುತ್ತದೆ. ವಿಂಡೋಸ್ 11ರ ಒಳಗಿನ ಬಹುಪಾಲು ಕೋಡ್ ವಿಂಡೋಸ್ 10ರಿಂದಲೇ ಬಂದದ್ದು. ಹಾಗಾಗಿ 11ಕ್ಕೆ ಬಂದ ತೇಪೆಯನ್ನು ಬಿಚ್ಚಿ ನೋಡಿದರೆ, 10ರಲ್ಲಿ ಎಲ್ಲಿ ತೂತಿದೆ ಎಂಬುದು ಕಳ್ಳನಿಗೆ ಗೊತ್ತಾಗುತ್ತದೆ. ನೆರೆಮನೆಯವರು ಬೀಗ ಬದಲಿಸಿದರು, ನಮ್ಮದೂ ಅದೇ ಕಂಪನಿಯ ಬೀಗ, ನಾವು ಬದಲಿಸಿಲ್ಲ ಎಂಬಂಥ ಸ್ಥಿತಿ.

ಇದು ಬರೀ ಹೆದರಿಕೆಯ ಮಾತಲ್ಲ. 2017ರ ಮೇ 12ರಂದು ವಾನ್ನಾಕ್ರೈ ಎಂಬ ದಾಳಿ ಸುಮಾರು 150 ದೇಶಗಳಿಗೆ ಹರಡಿತು. ಫೈಲುಗಳನ್ನೆಲ್ಲ ಬೀಗ ಹಾಕಿ, ಬಿಡಿಸಬೇಕಾದರೆ ಹಣ ಕೊಡಿ ಎನ್ನುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಆ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ತೇಪೆ ಕೊಟ್ಟಿತ್ತು. ಸಿಕ್ಕಿಬಿದ್ದವರು ಅಪ್‌ಡೇಟ್ ಮಾಡಿಕೊಳ್ಳದವರು. ಬೆಂಬಲ ಮುಗಿದು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೆ ಆ ತೇಪೆ ಸಾರ್ವಜನಿಕವಾಗಿ ಬಂದದ್ದು ದಾಳಿ ಆದ ಮೇಲೆ. ಅಂದರೆ ವಿಂಡೋಸ್ 10 ಇಟ್ಟುಕೊಂಡು ಕನ್ನಡ ಟೈಪ್ ಮಾಡುವವರಿಗೆ ನಾಳೆ ಬೆಳಿಗ್ಗೆಯೇ ಅಪಾಯವಿಲ್ಲ; ಅದರಲ್ಲೇ ಬ್ಯಾಂಕು, ಒಟಿಪಿ, ಕೆಇಎ ಲಾಗಿನ್ ಎಲ್ಲ ನಡೆಸುವವರಿಗೆ ತಿಂಗಳು ಕಳೆದಂತೆ ಅಪಾಯ ಬೆಳೆಯುತ್ತದೆ.

ಈಗ ನಿಮ್ಮ ಕೈಯಲ್ಲಿರುವುದು ಯಾವುದೆಂದು ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರ ಕೊನೆಯಲ್ಲಿ ಅಬೌಟ್. ಅಲ್ಲಿ ಪ್ರೊಸೆಸರ್ ಹೆಸರಿದೆ. ಇಂಟೆಲ್ ಐ3, ಐ5, ಐ7 ಆದರೆ ಗೆರೆಯ ನಂತರದ ಸಂಖ್ಯೆ ನೋಡಿ. ಐ5-8250ಯು ಎಂದಿದ್ದರೆ 8ನೇ ತಲೆಮಾರು, ಐ5-6200ಯು ಎಂದಿದ್ದರೆ 6ನೇದು. ಸಂಖ್ಯೆ 1ರಿಂದ ಶುರುವಾದರೆ ಎರಡಂಕಿ ಓದಬೇಕು: 10210 ಎಂದರೆ 10ನೇದು, 1135 ಎಂದರೆ 11ನೇದು. ವಿಂಡೋಸ್ 11ಕ್ಕೆ 8ನೇ ತಲೆಮಾರಿನಿಂದ ಮೇಲೆ ಬೇಕು. ಎಎಂಡಿ ರೈಜನ್ ಲ್ಯಾಪ್‌ಟಾಪ್‌ಗಳಲ್ಲಿ 3000 ಸರಣಿಯಿಂದ ಮೇಲಿನವು ಬಹುತೇಕ ನಡೆಯುತ್ತವೆ. ಇದರ ಜೊತೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0, ಸೆಕ್ಯೂರ್ ಬೂಟ್ ಬೇಕು. ಲೆಕ್ಕ ಹಾಕಲು ಬೇಜಾರಾದರೆ ಮೈಕ್ರೋಸಾಫ್ಟ್‌ನದ್ದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದೆ. ಆದರೆ ಅದು "ಇಲ್ಲ" ಎಂದ ಕೂಡಲೇ ನಂಬಿಬಿಡಬೇಡಿ, ಯಾಕೆ ಇಲ್ಲ ಎಂದು ಕೊಡುವ ಸಾಲನ್ನು ಓದಿ. ನನ್ನ ಸಹಪಾಠಿಯ ನಲವತ್ತು ಸಾವಿರ ಉಳಿದದ್ದು ಆ ಸಾಲಿನಿಂದ.

ಟಿಪಿಎಂ ಎಂಬುದು ಒಂದು ಸಣ್ಣ ಚಿಪ್. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಪ್ರೊಸೆಸರ್‌ನ ಒಳಗೇ ಇರುತ್ತದೆ. ಅದರ ಕೆಲಸ ಬೀಗದ ಕೈಗಳನ್ನು ಕಾಯುವುದು. ಸಾಮಾನ್ಯವಾಗಿ ಪಾಸ್‌ವರ್ಡ್‌ನ ಕೀಲಿ ಡಿಸ್ಕ್‌ನಲ್ಲೇ ಇದ್ದರೆ, ಡಿಸ್ಕ್ ಕದ್ದವನಿಗೆ ಕೀಲಿಯೂ ಸಿಕ್ಕಿತು. ಟಿಪಿಎಂನಲ್ಲಿರುವ ಕೀಲಿ ಹೊರಗೆ ಬರುವುದೇ ಇಲ್ಲ; ಅದನ್ನು ಬಳಸಬೇಕಾದ ಲೆಕ್ಕವನ್ನು ಚಿಪ್ ಒಳಗೇ ಮಾಡಿ ಉತ್ತರ ಮಾತ್ರ ಕೊಡುತ್ತದೆ. ಸೆಕ್ಯೂರ್ ಬೂಟ್ ಅದರ ಜೊತೆಗಾರ. ಲ್ಯಾಪ್‌ಟಾಪ್ ಏಳುವಾಗ ಸಹಿ ಇರುವ ತಂತ್ರಾಂಶ ಮಾತ್ರ ಒಳಗೆ ಬರಲಿ ಎಂದು ಬಾಗಿಲಲ್ಲಿ ನಿಂತು ನೋಡುವ ಕಾವಲುಗಾರ. ಈ ಎರಡು ನಿಬಂಧನೆಗಳು ನನಗೆ ಒಪ್ಪಿಗೆ. ಪ್ರೊಸೆಸರ್ ತಲೆಮಾರಿನ ನಿಬಂಧನೆ ಮಾತ್ರ ಅಷ್ಟು ಒಪ್ಪಿಗೆಯಿಲ್ಲ. ಹೊಸ ಚಿಪ್‌ಗಳು ಕೆಲವು ಭದ್ರತಾ ಕೆಲಸಗಳನ್ನು ನಿಧಾನವಾಗದೆ ಮಾಡುತ್ತವೆ ಎಂಬುದು ನಿಜ. ಆದರೂ ಚೆನ್ನಾಗಿ ನಡೆಯುತ್ತಿರುವ 6ನೇ, 7ನೇ ತಲೆಮಾರಿನ ಲಕ್ಷಗಟ್ಟಲೆ ಲ್ಯಾಪ್‌ಟಾಪ್‌ಗಳು ಇದರಿಂದ ಗುಜರಿಯ ದಾರಿ ಹಿಡಿಯುತ್ತಿವೆ.

ಸಹಪಾಠಿಯದ್ದು 2018ರ ಲ್ಯಾಪ್‌ಟಾಪ್, ಐ5-8250ಯು. ತಲೆಮಾರು ಸರಿ ಇದೆ. ಹೆಲ್ತ್ ಚೆಕ್ ಆ್ಯಪ್ ಕೊಟ್ಟ ಕಾರಣಗಳು ಎರಡು: ಟಿಪಿಎಂ ಸಿಗುತ್ತಿಲ್ಲ, ಸೆಕ್ಯೂರ್ ಬೂಟ್ ಇಲ್ಲ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಎಂಎಸ್‌ಇನ್ಫೋ32 ಎಂದು ಟೈಪ್ ಮಾಡಿ ನೋಡಿದಾಗ ಬಯೋಸ್ ಮೋಡ್ ಎದುರು ಲೆಗಸಿ ಎಂದಿತ್ತು. ಆಗ ವಿಷಯ ಅರ್ಥವಾಯಿತು. ಯಾವಾಗಲೋ ಒಮ್ಮೆ ರಿಪೇರಿಗೆ ಕೊಟ್ಟಾಗ ಫಾರ್ಮ್ಯಾಟ್ ಮಾಡಿದವರು ಹಳೆಯ ಪದ್ಧತಿಯಲ್ಲಿ ವಿಂಡೋಸ್ ಹಾಕಿದ್ದರು. ನಮ್ಮಲ್ಲಿ ಇದು ತುಂಬಾ ಸಾಮಾನ್ಯ. ಹಳೆಯ ಪದ್ಧತಿಯಲ್ಲಿ ಡಿಸ್ಕ್‌ನ ಹಂಚಿಕೆಯ ಪಟ್ಟಿ ಎಂಬಿಆರ್ ಎಂಬ ರೂಪದಲ್ಲಿರುತ್ತದೆ, ಹೊಸದರಲ್ಲಿ ಜಿಪಿಟಿ. ಜಿಪಿಟಿ ಆಗದೆ ಯುಇಎಫ್‌ಐ ಮೋಡ್‌ನಲ್ಲಿ ಆ ವಿಂಡೋಸ್ ಏಳುವುದಿಲ್ಲ, ಅದಿಲ್ಲದೆ ಸೆಕ್ಯೂರ್ ಬೂಟ್ ಇಲ್ಲ.

ಇದಕ್ಕೆ ವಿಂಡೋಸ್ 10ರ ಒಳಗೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ. ಫೈಲು ಅಳಿಸದೆ ಪಟ್ಟಿಯನ್ನು ಮಾತ್ರ ಬದಲಿಸುತ್ತದೆ. ಮೇಡಂ ಮೊದಲು ಬ್ಯಾಕಪ್ ತೆಗೆಸಿದರು. ಆಮೇಲೆ "ವ್ಯಾಲಿಡೇಟ್" ಆಜ್ಞೆ ಕೊಟ್ಟು ಪರೀಕ್ಷಿಸಿ, ಸರಿ ಎಂದ ಮೇಲೆ "ಕನ್ವರ್ಟ್" ಕೊಟ್ಟರು. ನಂತರ ಲ್ಯಾಪ್‌ಟಾಪ್ ಏಳುವಾಗ ಎಫ್2 ಒತ್ತಿ ಬಯೋಸ್‌ಗೆ ಹೋಗಿ (ಕೆಲವು ಕಂಪನಿಗಳಲ್ಲಿ ಎಫ್10, ಕೆಲವದರಲ್ಲಿ ಡಿಲೀಟ್), ಯುಇಎಫ್‌ಐ ಆಯ್ಕೆ ಮಾಡಿ, ಸೆಕ್ಯೂರ್ ಬೂಟ್ ಆನ್ ಮಾಡಿದೆವು. ಟಿಪಿಎಂ ಅಲ್ಲೇ ಇತ್ತು, ಹೆಸರು ಮಾತ್ರ ಬೇರೆ. ಇಂಟೆಲ್‌ನಲ್ಲಿ ಅದನ್ನು ಪಿಟಿಟಿ ಎನ್ನುತ್ತಾರೆ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿ ಹೆಲ್ತ್ ಚೆಕ್ ಮತ್ತೆ ಓಡಿಸಿದರೆ ಎಲ್ಲ ಹಸಿರು ಗುರುತು. ಖರ್ಚಾದದ್ದು ಒಂದು ಮಧ್ಯಾಹ್ನ. ಈ ಕೆಲಸವನ್ನು ಒಬ್ಬರೇ ಮೊದಲ ಬಾರಿ ಮಾಡಲು ಹೋಗಬೇಡಿ. ಬಯೋಸ್‌ನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದರೆ ಲ್ಯಾಪ್‌ಟಾಪ್ ಏಳದೆ ಕೂರಬಹುದು.

ಬ್ಯಾಕಪ್ ವಿಷಯಕ್ಕೆ ಬರುತ್ತೇನೆ. ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ. ಹೊಸ ವಿಂಡೋಸ್ ಬೇಕಾದರೆ ಹತ್ತು ಸಲ ಹಾಕಬಹುದು. ಅಜ್ಜ ಹಜ್‌ಗೆ ಹೊರಟ ದಿನ ಮನೆಯಂಗಳದಲ್ಲಿ ತೆಗೆದ ಫೋಟೋ ಅಳಿಸಿಹೋದರೆ ಅದಕ್ಕೆ ಡೌನ್‌ಲೋಡ್ ಇಲ್ಲ. ನಮ್ಮ ಮನೆಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಎಂದರೆ ಬರೀ ಯಂತ್ರವಲ್ಲ, ಹತ್ತು ವರ್ಷದ ಫೋಟೋ ಆಲ್ಬಂ. ಗಲ್ಫ್‌ನಿಂದ ರಜೆಗೆ ಬಂದವರು ಮೊಬೈಲ್ ಖಾಲಿ ಮಾಡಲು ಅದರಲ್ಲಿ ಸುರಿದು ಹೋದದ್ದು ಬೇರೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ನಾಲ್ಕನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ಡೌನ್‌ಲೋಡ್ಸ್ ಮರೆಯುವವರು ಹೆಚ್ಚು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿಯ ಪಿಡಿಎಫ್ ಎಲ್ಲ ಸಾಮಾನ್ಯವಾಗಿ ಅಲ್ಲೇ ಬಿದ್ದಿರುತ್ತವೆ. ತೀರಾ ಮುಖ್ಯವಾದವನ್ನು ಪೆನ್‌ಡ್ರೈವ್‌ಗೋ ಡ್ರೈವ್ ಖಾತೆಗೋ ಇನ್ನೊಂದು ಪ್ರತಿ ಹಾಕಿ. ನಕಲಾದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ನಾಲ್ಕೈದು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ ಎಂದು ಮೇಡಂ ಹೇಳುತ್ತಿರುತ್ತಾರೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಖಾತೆಗೆ ಸಿಂಕ್ ಆಗಿವೆಯೇ ನೋಡಿಕೊಳ್ಳಿ. ಕೆಇಎ ಲಾಗಿನ್ ಪಾಸ್‌ವರ್ಡ್ ಮಾತ್ರ ಪುಸ್ತಕದಲ್ಲೂ ಬರೆದಿಡಿ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಬೇರೆ ಭಾಷೆಯ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ಹಳೆಯ ನೋಟ್ಸ್, ಪ್ರಶ್ನೆಪತ್ರಿಕೆ, ಮಸೀದಿ ಸಮಿತಿಯ ವರದಿ ಇವೆಲ್ಲ ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆಗಿರುತ್ತವೆ. ಅವು ಯೂನಿಕೋಡ್ ಅಲ್ಲ. ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವೇ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಫೈಲ್ ಹಾಳಾಯಿತೆಂದು ಅಳಿಸಬೇಡಿ. ನುಡಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಅಥವಾ ಆ ಫಾಂಟ್‌ಗಳನ್ನು ಹಾಕಿದರೆ ಎಲ್ಲ ಮೊದಲಿನಂತೆ ಬರುತ್ತದೆ. ಆದ್ದರಿಂದ ಅಪ್‌ಗ್ರೇಡ್‌ಗೆ ಮೊದಲೇ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನೂ ಬ್ಯಾಕಪ್‌ಗೆ ಸೇರಿಸಿ. ಹೊಸದಾಗಿ ಟೈಪ್ ಮಾಡುವುದನ್ನು ಯೂನಿಕೋಡ್‌ನಲ್ಲೇ ಮಾಡಿದರೆ ಮುಂದೆ ಈ ತಾಪತ್ರಯವಿಲ್ಲ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ, ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು.

ಲ್ಯಾಪ್‌ಟಾಪ್ ಅರ್ಹ ಎಂದಾದರೆ ಅಪ್‌ಗ್ರೇಡ್ ಸುಲಭ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲೇ ವಿಂಡೋಸ್ 11 ತೋರಿಸುತ್ತದೆ. ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ. ಯಾರಾದರೂ ಲೈಸೆನ್ಸ್‌ಗೆಂದು ಪ್ರತ್ಯೇಕ ಹಣ ಕೇಳಿದರೆ ಯಾಕೆಂದು ಕೇಳಿ. ಡೌನ್‌ಲೋಡ್ 5 ಜಿಬಿಯ ಆಸುಪಾಸು ಇರುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನ ದಿನದ ಡೇಟಾದಲ್ಲಿ ಆಗುವ ಕೆಲಸವಲ್ಲ. ಚಾರ್ಜರ್ ಹಾಕಿಯೇ ಇಡಿ. ಮಳೆಗಾಲದಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುವ ದಿನ ಶುರು ಮಾಡಬೇಡಿ, ಬ್ಯಾಟರಿ ಸತ್ತುಹೋದ ಲ್ಯಾಪ್‌ಟಾಪ್ ಆದರಂತೂ ಬೇಡವೇ ಬೇಡ. ಹಾಕಿದ ಮೇಲೆ ಇಷ್ಟವಾಗದಿದ್ದರೆ 10 ದಿನದೊಳಗೆ ರಿಕವರಿ ವಿಭಾಗದಿಂದ ವಿಂಡೋಸ್ 10ಕ್ಕೆ ಹಿಂದೆ ಹೋಗಬಹುದು. ಹತ್ತು ದಿನ ಕಳೆದರೆ ಹಳೆಯ ಫೈಲುಗಳನ್ನು ಅದೇ ಅಳಿಸುತ್ತದೆ. ಮತ್ತೊಂದು ವಿಷಯ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಆಮೇಲೆ ಯಾವಾಗಲಾದರೂ ಬಯೋಸ್‌ನಲ್ಲಿ ಏನಾದರೂ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಆ ಖಾತೆಯಲ್ಲಿರುತ್ತದೆ. ಖಾತೆ ತೆರೆದುಕೊಟ್ಟದ್ದು ಯಾರೋ ಪಕ್ಕದ ಮನೆಯ ಹುಡುಗ, ಇಮೇಲ್ ಯಾವುದೆಂದೇ ಗೊತ್ತಿಲ್ಲ ಎಂದರೆ ಎಲ್ಲ ಫೈಲುಗಳಿಗೂ ಬೀಗ ಬಿದ್ದಂತೆ. ಕೀಯನ್ನು ಈಗಲೇ ಕಾಗದದಲ್ಲಿ ಬರೆದಿಡಿ.

ಎರಡನೆಯ ಲ್ಯಾಪ್‌ಟಾಪ್ ನನ್ನದೇ, ಅಣ್ಣ ಇಂಜಿನಿಯರಿಂಗ್ ಓದುವಾಗ 2016ರಲ್ಲಿ ತೆಗೆದದ್ದು. ಐ5-6200ಯು, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಇಂಥವಕ್ಕೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುತ್ತಿದೆ, 2026ರ ಅಕ್ಟೋಬರ್ 13ರವರೆಗೆ. ಇಎಸ್‌ಯು ಎಂದು ಹೆಸರು. 30 ಡಾಲರ್ ಕೊಡಬೇಕು, ಅಥವಾ ಸೆಟ್ಟಿಂಗ್ಸ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಲು ಒಪ್ಪಿದರೆ ಉಚಿತ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಲೇಬೇಕು. ವಿಂಡೋಸ್ ಕೀ ಮತ್ತು ಆರ್ ಒತ್ತಿ ವಿನ್‌ವರ್ ಎಂದು ಟೈಪ್ ಮಾಡಿದರೆ ಆವೃತ್ತಿ ಕಾಣುತ್ತದೆ. ಅದಿದ್ದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಲಿಂಕ್ ಇರುತ್ತದೆ. ನನಗೆ ಪರೀಕ್ಷೆ, ಸಿಇಟಿ, ಆಮೇಲೆ ಸೀಟು ಆಯ್ಕೆ, ಅರಿವು ಸಾಲದ ಅರ್ಜಿ ಎಲ್ಲ ಆ ದಿನಾಂಕದೊಳಗೆ ಮುಗಿಯುತ್ತವೆ. ಹಾಗಾಗಿ ಈ ವರ್ಷಕ್ಕೆ ಇಷ್ಟೇ ಸಾಕು ಎಂದು ನಿರ್ಧರಿಸಿದೆ.

ಆದರೆ ನಿಧಾನಗತಿಯದ್ದು ಬೇರೆಯೇ ಕಥೆ. ಆನ್ ಆಗಲು ಐದು ನಿಮಿಷ, ಬ್ರೌಸರ್ ತೆರೆಯಲು ಇನ್ನೆರಡು. ಇದಕ್ಕೂ ವಿಂಡೋಸ್ ಆವೃತ್ತಿಗೂ ಅಷ್ಟೇನೂ ಸಂಬಂಧವಿಲ್ಲ, ಕಾರಣ ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ತಿರುಗುತ್ತಿರುತ್ತದೆ, ಒಂದು ಮುಳ್ಳು ಅತ್ತಿಂದಿತ್ತ ಓಡಾಡಿ ಓದುತ್ತದೆ. ಚದುರಿ ಬಿದ್ದ ಸಣ್ಣ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಹೆಕ್ಕಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಅದೇ ಕೆಲಸ ಸೆಕೆಂಡಿಗೆ ಸಾವಿರಾರು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆಯ ಡಿಸ್ಕ್‌ನ ಜಾಗದಲ್ಲೇ ಕೂರುತ್ತದೆ. 256 ಜಿಬಿಯದ್ದು ಹಾಕಿಸಿದೆ. ಈಗ ಅರ್ಧ ನಿಮಿಷದೊಳಗೆ ಏಳುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಒಂದೇ ಖರ್ಚು ಮಾಡುವುದಾದರೆ ಅದು ಎಸ್‌ಎಸ್‌ಡಿಗೆ ಆಗಲಿ, ಎರಡನೆಯದು ರ‍್ಯಾಮ್‌ಗೆ. 4 ಜಿಬಿಯಲ್ಲಿ ವಿಂಡೋಸ್ 11 ಓಡುತ್ತದೆ ಎಂದು ಕಾಗದದಲ್ಲಿದೆ. ಬ್ರೌಸರ್‌ನ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ರ‍್ಯಾಮ್ ಕೊಳ್ಳುವ ಮೊದಲು ಡಿಡಿಆರ್3ಎಲ್‌ ಆ ಡಿಡಿಆರ್4 ಆ ಎಂದು ಕೇಳಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತೆಗೆದ ಹಳೆಯ ಡಿಸ್ಕ್‌ಗೆ ಒಂದು ಯುಎಸ್‌ಬಿ ಕವಚ ಹಾಕಿದರೆ ಅದೇ ಬ್ಯಾಕಪ್ ಡಿಸ್ಕ್.

ಮೂರನೆಯದು ಮಾವನ ಮನೆಯದ್ದು, 3ನೇ ತಲೆಮಾರಿನ ಐ3, ಹದಿಮೂರು ವರ್ಷ ಹಳೆಯದು. ಅದಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆವು. ಉಚಿತ, ಹಗುರ, ಕಾನೂನುಬದ್ಧ. ಈಗಿನ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಲಿನಕ್ಸ್ ಎಂದರೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಎಂದುಕೊಂಡವರು ಹೆಚ್ಚು. ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಅದೇ. ನಮ್ಮ ಪ್ರಾಕ್ಟಿಕಲ್‌ನ ಪೈಥಾನ್, ಮೈಎಸ್‌ಕ್ಯೂಎಲ್ ಎರಡೂ ಅದರಲ್ಲಿ ಸಲೀಸಾಗಿ ನಡೆಯುತ್ತವೆ. ಕನ್ನಡಕ್ಕೆ ಕ.ಗ.ಪ. ವಿನ್ಯಾಸದ ಕೀಲಿಮಣೆ ಅದರಲ್ಲೇ ಇದೆ, ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸವಾದ ಬೆರಳುಗಳಿಗೆ ಕಷ್ಟವಾಗುವುದಿಲ್ಲ.

ಎಲ್ಲರಿಗೂ ಹೊಂದುತ್ತದೆ ಎನ್ನುವುದಿಲ್ಲ. ಟ್ಯಾಲಿ ಬೇಕಾದ ಕಾಮರ್ಸ್‌ನವರಿಗೆ, ಮೈಕ್ರೋಸಾಫ್ಟ್ ಆಫೀಸೇ ಬೇಕೆನ್ನುವವರಿಗೆ ಇದು ಬೇಡ. ಲಿಬ್ರೆ ಆಫೀಸ್‌ನಲ್ಲಿ ವರ್ಡ್ ಫೈಲ್ ತೆರೆದಾಗ ಟೇಬಲ್‌ಗಳು ಕೆಲವೊಮ್ಮೆ ಅತ್ತಿತ್ತ ಆಗುತ್ತವೆ. ಸಂತೋಷದ ವಿಷಯವೆಂದರೆ ಹಾಕುವ ಮೊದಲೇ ಪರೀಕ್ಷಿಸಬಹುದು. ಮಿಂಟ್‌ನ ಪೆನ್‌ಡ್ರೈವ್ ಮಾಡಿ, ಅದರಿಂದಲೇ ಲ್ಯಾಪ್‌ಟಾಪ್ ಎಬ್ಬಿಸಿ. ಡಿಸ್ಕ್ ಮುಟ್ಟದೆ ಪೂರ್ತಿ ವ್ಯವಸ್ಥೆ ತೆರೆದುಕೊಳ್ಳುತ್ತದೆ. ವೈಫೈ ಸಿಗುತ್ತದೆಯೇ, ಶಬ್ದ ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ ನೋಡಿ. ಸರಿ ಅನಿಸಿದರೆ ಇನ್‌ಸ್ಟಾಲ್ ಮಾಡಿ, ಇಲ್ಲವಾದರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ. ಮಾವನ ಮಕ್ಕಳು ಈಗ ಅದರಲ್ಲಿ ಚಿತ್ರ ಬಿಡಿಸುತ್ತಾರೆ, ಪಾಠದ ವಿಡಿಯೋ ನೋಡುತ್ತಾರೆ. ಅದು ವಿಂಡೋಸ್ ಅಲ್ಲ ಎಂದು ಅವರು ಇನ್ನೂ ಕೇಳಿಲ್ಲ.

ಇನ್ನೆರಡು ದಾರಿಗಳ ಬಗ್ಗೆ ಹಾಸ್ಟೆಲ್‌ನಲ್ಲಿ ಮಾತು ಕೇಳಿದ್ದೇನೆ. ಒಂದು, ಅರ್ಹತೆಯ ತಪಾಸಣೆಯನ್ನು ತಪ್ಪಿಸಿ ಹಳೆಯ ಲ್ಯಾಪ್‌ಟಾಪ್‌ಗೂ ವಿಂಡೋಸ್ 11 ಹಾಕುವುದು. ಆಗುತ್ತದೆ, ಸುಮಾರು ಜನ ಮಾಡಿದ್ದಾರೆ. ಆದರೆ ಇಂಥ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್‌ನ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ 24ಎಚ್2 ಆವೃತ್ತಿ ಏಳುವುದೇ ಇಲ್ಲ. ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್ ಎಂದರೆ ನಾನಂತೂ ಇದನ್ನು ಮಾಡುವುದಿಲ್ಲ. ಇನ್ನೊಂದು, ಕ್ರ್ಯಾಕ್ ಮಾಡಿದ ವಿಂಡೋಸ್. ಅದರ ಆ್ಯಕ್ಟಿವೇಟರ್ ಓಡಿಸಬೇಕಾದರೆ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ. ಭದ್ರತೆಗೆಂದು ಹೊಸ ವಿಂಡೋಸ್ ಹಾಕಲು ಹೊರಟು ಕಾವಲುಗಾರನನ್ನೇ ಹೊರಗೆ ಕಳಿಸಿದಂತಾಯಿತು. ಇನ್ನೊಬ್ಬರ ದುಡಿಮೆಯ ಹಕ್ಕಿನ ಪ್ರಶ್ನೆ ಬೇರೆ ಇದೆ, ಅದನ್ನು ದೀನಿಯಾತ್ ತರಗತಿಯಲ್ಲಿ ಉಸ್ತಾದರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪರೀಕ್ಷೆಗೆ ಎರಡು ವಾರ ಇರುವಾಗ ಇದ್ಯಾವುದನ್ನೂ ಶುರು ಮಾಡಬೇಡಿ. ಆಫ್ ಆಗದೆ ನಡೆಯುತ್ತಿದ್ದರೆ ಇಎಸ್‌ಯುಗೆ ಸೇರಿಕೊಂಡು ಓದಲು ಕೂರಿ, ರಜೆಯಲ್ಲಿ ಉಳಿದದ್ದು ನೋಡೋಣ. ಮಿಂಟ್ ಪೆನ್‌ಡ್ರೈವ್ ಮತ್ತು ಒಂದು ಖಾಲಿ ಹಾರ್ಡ್ ಡಿಸ್ಕ್ ಕಂಪ್ಯೂಟರ್ ಲ್ಯಾಬ್‌ನಲ್ಲಿ ಮೇಡಂ ಬಳಿ ಇವೆ. ಶನಿವಾರ ತರಗತಿ ಮುಗಿದ ಮೇಲೆ ನಾವು ಮೂರ್ನಾಲ್ಕು ಮಂದಿ ಅಲ್ಲಿರುತ್ತೇವೆ. ಬರುವಾಗ ಚಾರ್ಜರ್ ತನ್ನಿ, ಮೈಕ್ರೋಸಾಫ್ಟ್ ಖಾತೆಯ ಇಮೇಲ್ ಯಾವುದೆಂದು ಮನೆಯಲ್ಲಿ ಕೇಳಿಕೊಂಡು ಬನ್ನಿ.